ಪ್ರತಿನಾಯಕನ ಬಲ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ತಮ್ಮನ ಮಗನು ಬಂದು ನಮ್ಮ ಮನೆಯಲ್ಲಿ ಒಂದು ತಿಂಗಳಿದ್ದನು. ರಾತ್ರಿಯ ಊಟವಾದ ಮೇಲೆ ಅವನು ಕಂಪ್ಯೂಟರಿನ ಮುಂದೆ ಕುಳಿತು ‘ನೆವರ್‌ವಿಂಟರ್ ನೈಟ್ಸ್’ ಎಂಬ ಆಟವನ್ನಾಡುತ್ತಿದ್ದನು. ಒಂದು ರಾತ್ರಿ ಅದನ್ನು ಅರ್ಧಕ್ಕೇ ಬಿಟ್ಟೆದ್ದನು. ಕಾರಣವನ್ನು ಕೇಳಲಾಗಿ, “ಕಥೆ ಬಹಳ ಚೆನ್ನಾಗಿದೆ, ದೊಡ್ಡಪ್ಪ, ಆದರೆ ಶತ್ರುಗಳಿಗೆ ಬುದ್ಧಿಯೇ ಇಲ್ಲ. ಗೆದ್ದರೂ ಗೆದ್ದೆನೆಂದು ಅನ್ನಿಸುವುದಿಲ್ಲ” ಎಂದನು. ಆ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು.

ಈ ಆಟವನ್ನರಿಯದ ವಾಚಕರಿಗೆ ಅದರ ಸ್ವರೂಪವನ್ನು ತಿಳಿಸುವುದು ಉಚಿತ. ಕೆನಡಾ ದೇಶದ ಬಯೋವೇರ್ ಸಂಸ್ಥೆಯವರು ಇದನ್ನು ನಿರ್ಮಿಸಿದರು. 2002ರಲ್ಲಿ ಇದು ಹೊರಬಂದಿತು, 2018ರಲ್ಲಿ ಪರಿಷ್ಕೃತವಾಯಿತು. ಆಡುವವನು ವೀರನ ಅಥವಾ ಮಾಂತ್ರಿಕನ ಪಾತ್ರವನ್ನು ಧರಿಸಿ ಕಥೆಯೊಳಗೆ ಸಂಚರಿಸುವನು. ಆಟದೊಡನೆ ಅರೋರಾ ಎಂಬ ಉಪಕರಣವನ್ನೂ ಕೊಟ್ಟುದರಿಂದ ಅಭಿಮಾನಿಗಳು ತಾವೇ ಹೊಸ ಕಥಾಖಂಡಗಳನ್ನು ಕಟ್ಟಿ ಉಚಿತವಾಗಿ ಹಂಚತೊಡಗಿದರು. ಇವಕ್ಕೆ ಮಾಡ್ಯೂಲುಗಳೆಂದು ಹೆಸರು. ವೇತನವಿಲ್ಲದೆ ದುಡಿದ ಇವರ ಪರಿಶ್ರಮವು ಶ್ಲಾಘ್ಯವೇ ಸರಿ.

ಹಾಗಾದರೆ ಕಾಳಗವು ನೀರಸವಾಗುವುದೇಕೆ? ಇಲ್ಲಿ ಯುದ್ಧವು 20 ಮುಖಗಳ ದಾಳದ ಲೆಕ್ಕದಿಂದ ನಡೆಯುವುದು. ಬಿದ್ದ ಅಂಕಕ್ಕೆ ಹೊಡೆಯುವವನ ಬಲವನ್ನು ಕೂಡಿಸಿದಾಗ ಅದು ಎದುರಾಳಿಯ ರಕ್ಷಣೆಯ ಅಂಕವನ್ನು ಮುಟ್ಟಿದರೆ ಪೆಟ್ಟು ತಗಲುವುದು. ಕಥೆಗಾರನು ಧಾರಾಳವಾಗಿ ಮಾಯಾಕವಚಗಳನ್ನಿತ್ತುದರಿಂದ ನಾಯಕನ ರಕ್ಷಣೆಯು 22ಕ್ಕೆ ಏರಿತೆನ್ನೋಣ. ಶತ್ರುವಿನ ಬಲವು 2 ಮಾತ್ರ. ಆಗ ದಾಳದಲ್ಲಿ 20 ಬಿದ್ದರೆ ಮಾತ್ರ ಪೆಟ್ಟು. ಎಂದರೆ 20 ಏಟುಗಳಲ್ಲಿ ಸರಾಸರಿ 1. ಇದರ ಮೇಲೆ, ಕಾಳಗವಾದೊಡನೆ ವಿಶ್ರಮಿಸಿದರೆ ಗಾಯಗಳು ಮಾಯುವುವು, ವ್ಯಯವಾದ ಮಂತ್ರಗಳು ಮರಳುವುವು. ವಿಶ್ರಾಂತಿಯನ್ನು ನಿರ್ಬಂಧಿಸುವ ಅವಕಾಶವಿದ್ದರೂ ಎಲ್ಲರೂ ಅದನ್ನು ಬಳಸುವುದಿಲ್ಲ.

ಇನ್ನು ಶತ್ರುಗಳ ಬುದ್ಧಿ. ಅವರ ನಡೆಯನ್ನು ಆಳುವ ಆಜ್ಞಾಸರಣಿಯು ಆಟದೊಡನೆ ಸಿದ್ಧವಾಗಿಯೇ ಬಂದಿರುವುದು. ಅದನ್ನು ತಿದ್ದುವ ಸ್ವಾತಂತ್ರ್ಯವುಂಟು. ತಿದ್ದದೆ ಬಿಟ್ಟಲ್ಲಿ ನಾವು ಕಂಡುದೇನೆಂದರೆ, ಶತ್ರುಗಳು ಬಾಗಿಲ ಬಳಿಗೆ ಒಬ್ಬೊಬ್ಬರಾಗಿ ಬಂದು ಸಾಯುವರು. ಕೆಲವರು ಇದಕ್ಕೆ ಪರಿಹಾರವೆಂದು ಶತ್ರುವಿನ ಆಯುಸ್ಸಿನ ಅಂಕವನ್ನಷ್ಟೇ ಹೆಚ್ಚಿಸುವರು. ಅದರಿಂದ ಯುದ್ಧವು ದೀರ್ಘವಾಗುವುದೇ ಹೊರತು ಕಠಿಣವಾಗದು. ಕೈ ದಣಿಯುವುದು, ಬುದ್ಧಿಗೆ ಕೆಲಸವಿರದು.

ನಮ್ಮ ಪೂರ್ವಿಕರು ಈ ಮರ್ಮವನ್ನು ಬಲ್ಲವರಾಗಿದ್ದರು. ಶತ್ರುವಿನ ವಂಶವನ್ನೂ ಶೌರ್ಯವನ್ನೂ ವಿದ್ಯೆಯನ್ನೂ ವರ್ಣಿಸಿ, ಅಂಥವನನ್ನು ಗೆದ್ದ ನಾಯಕನ ಉತ್ಕರ್ಷವನ್ನು ಹೇಳುವ ಮಾರ್ಗವನ್ನು ದಂಡಿಯು ಕಾವ್ಯಾದರ್ಶದಲ್ಲಿ ಮೆಚ್ಚಿರುವನು. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಅಲ್ಪನಾಗಿದ್ದರೆ ಭೀಮನ ಜಯಕ್ಕೆ ತೂಕವೆಲ್ಲಿಯದು?

ಈ ವಿಷಯದಲ್ಲಿ ನಾವೂ ನಿರ್ದೋಷಿಗಳಲ್ಲ. ಸೇವೆಯ ಕೊನೆಯ ವರ್ಷಗಳಲ್ಲಿ, ಎಲ್ಲರೂ ತೇರ್ಗಡೆಯಾಗಲೆಂದು ಸಂಸ್ಕೃತದ ಪ್ರಶ್ನಪತ್ರಿಕೆಯನ್ನು ತೀರ ಸುಲಭಗೊಳಿಸಿದೆವು. ಫಲಿತಾಂಶವನ್ನು ಕಂಡು ಸಂತೋಷಪಟ್ಟೆವು. ತರಗತಿಯ ಮೊದಲಿಗಳಾದ ಹುಡುಗಿಯೊಬ್ಬಳು ಬಂದು, “ಮೇಷ್ಟ್ರೇ, ನನಗೆ ನಿಜವಾಗಿ ಬರುತ್ತದೆಯೋ ಇಲ್ಲವೋ ಈಗಲೂ ಗೊತ್ತಾಗಲಿಲ್ಲ” ಎಂದಳು. ದಯೆಯೆಂದು ಭಾವಿಸಿ ಅವಳ ಯೋಗ್ಯತೆಗೆ ಅವಮಾನ ಮಾಡಿದೆವೆಂದು ಅಂದು ಅರಿವಾಯಿತು. ನಮ್ಮ ಹುಡುಗನ ಮಾತು ಆ ಗಾಯವನ್ನೇ ಮುಟ್ಟಿತು.

ಆದುದರಿಂದ ಕಥೆ ಕಟ್ಟುವ ತರುಣರಲ್ಲಿ ನಮ್ಮ ವಿಜ್ಞಾಪನೆಯಿಷ್ಟು: ಬಿಲ್ಲುಗಾರನನ್ನು ಹಿಂದೆಯೂ ಕವಚಧಾರಿಯನ್ನು ಮುಂದೆಯೂ ನಿಲ್ಲಿಸಿರಿ, ಗಾಯ ಮಾಯಿಸುವವನೊಬ್ಬನನ್ನು ಜೊತೆಗೊಡಿರಿ, ವಿಶ್ರಾಂತಿಗೆ ಮಿತಿಯಿಡಿರಿ, ನಿಮ್ಮ ಯುದ್ಧವನ್ನು ಬೇರೊಬ್ಬರಿಂದ ಆಡಿಸಿ ನೋಡಿರಿ. ಸೋಲುವ ಭಯವಿಲ್ಲದೆಡೆಯಲ್ಲಿ ಗೆಲುವಿನ ಆನಂದವೂ ಇಲ್ಲ. ಹುಡುಗನು ಈಗ ತಾನೇ ಒಂದು ಕಥಾಖಂಡವನ್ನು ಕಟ್ಟುತ್ತಿರುವನು. ಮೊದಲ ಕಾಳಗದಲ್ಲಿಯೇ ನಾವು ಮೂರು ಸಲ ಸೋತೆವು. ಮನಸ್ಸಿಗೆ ಬಹಳ ಸಂತೋಷವಾಯಿತು.