ಕಟ್ಟಡಕ್ಕೂ ಕಿವಿಯುಂಟು

ಗೋಡೆ ಎದ್ದು, ಚಾವಣಿ ಮುಚ್ಚಿ, ಬಣ್ಣ ಬಳಿದರೆ ಕಟ್ಟಡ ಮುಗಿಯಿತೆಂದು ಬಗೆಯುವವರೇ ಬಹಳ. ಕಿವಿಯ ಪರೀಕ್ಷೆ ಉಳಿದಿರುವುದು ನೆನಪಿಗೇ ಬಾರದು.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಇದರ ಅರಿವಾಯಿತು. ಹೊಸದಾಗಿ ಕಟ್ಟಿಸಿದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಆಡಿದ ನುಡಿ ಐದೂವರೆ ಸೆಕೆಂಡುಗಳಷ್ಟು ಕಾಲ ಸುಳಿದಾಡುತ್ತಿತ್ತು. ಒಂದು ಮಾತು ಅಡಗುವ ಮೊದಲೇ ಮುಂದಿನ ಹಲವು ಮಾತುಗಳು ಅದರ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತಿತ್ತು.

ಇದನ್ನು ಸರಿಪಡಿಸುವ ಹೊಣೆ ವಾಲೇಸ್ ಸೇಬೈನ್ ಎಂಬ ತರುಣ ಭೌತವಿಜ್ಞಾನಿಯ ಪಾಲಿಗೆ ಬಂತು. ಊರಿನ ಗದ್ದಲ ಅಡಗಿದ ರಾತ್ರಿಯಲ್ಲಿ ಆತ ಸಮೀಪದ ಸ್ಯಾಂಡರ್ಸ್ ರಂಗಮಂದಿರದ ಮೆತ್ತೆಗಳನ್ನು ಹೊರಿಸಿ ತರುವನು. ಆರ್ಗನ್ ಕೊಳವೆಯನ್ನು ನುಡಿಸಿ ನಿಲ್ಲಿಸಿ, ಅದರ ಅನುರಣನ ಕಿವಿಗೆ ಕೇಳದಂತಾಗುವವರೆಗಿನ ಕಾಲವನ್ನು ಅಳೆಯುವನು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಮರಳಿಸುವನು. ಹೀಗೆ ದೊರೆತ ಸೂತ್ರ ಸರಳ: ಮಂದಿರದ ಗಾತ್ರ ಹೆಚ್ಚಿದಷ್ಟೂ ಅನುರಣನ ಬೆಳೆಯುತ್ತದೆ, ದನಿ ಹೀರುವ ವಸ್ತು ಹೆಚ್ಚಿದಷ್ಟೂ ಕುಗ್ಗುತ್ತದೆ.

ಫಾಗ್ ಮಂದಿರದ ಗೋಡೆಗಳಿಗೆ ದನಿ ಹೀರುವ ಹೊದಿಕೆ ಹಾಕಿ ಅದನ್ನು ಬಳಕೆಗೆ ತಂದರು. ಬಾಸ್ಟನ್ನಿನ ಸಿಂಫನಿ ಹಾಲನ್ನಾದರೋ ಸೇಬೈನನ ಲೆಕ್ಕಾಚಾರವನ್ನು ಮುಂದಿರಿಸಿಕೊಂಡೇ ಕಟ್ಟಿದರು. 1900ರಲ್ಲಿ ತೆರೆದ ಆ ಮಂದಿರ ಇಂದಿಗೂ ಸಂಗೀತಕ್ಕೆ ಒದಗುವ ಲೋಕದ ಶ್ರೇಷ್ಠ ಮಂದಿರಗಳಲ್ಲೊಂದು.

ಹೊಸ ಶಾಲೆಯ ನಕ್ಷೆ ಬರೆಯುವವರು ಕೊನೆಯ ಬೆಂಚಿನ ಮಗುವಿನ ಕಿವಿಯನ್ನೂ ಒಮ್ಮೆ ನೆನೆಯಲಿ. ಗೋಡೆ ಎದ್ದ ಮೇಲೆ ತಿದ್ದುವುದು ಕಷ್ಟ.