ವೇಷದಲ್ಲೊಮ್ಮೆ, ಮನೆಯುಡುಗೆಯಲ್ಲೊಮ್ಮೆ

ನೀಲಿಚಿತ್ರಗಳ ಕಲಾವಿದರನ್ನು ಕ್ಯಾಮೆರಾ ಮುಂದೆ ಗೌರವದಿಂದ ನಿಲ್ಲಿಸಿದ ಅಮೆರಿಕದ ಸಾಕ್ಷ್ಯಚಿತ್ರವೊಂದರಿಂದ, ನಾಟಕ ಕಂಪನಿಗಳ ತವರಾದ ದಾವಣಗೆರೆ ಕಲಿಯಬಹುದಾದದ್ದು ಬಹಳವಿದೆ.

ನೀಲಿಚಿತ್ರಗಳಲ್ಲಿ ನಟಿಸುವವರ ಮೈಯನ್ನು ಕದ್ದು ನೋಡಿದವರು ಲೆಕ್ಕವಿಲ್ಲದಷ್ಟು. ಅವರನ್ನು ಎದುರಿಗೆ ಕೂರಿಸಿಕೊಂಡು ಮುಖ ನೋಡಿ ಮಾತಾಡಿಸಿದವರು ಕಡಿಮೆ. ಆ ಕೆಲಸವನ್ನು ಮಾಡಿದವರು ನ್ಯೂಯಾರ್ಕಿನ ಛಾಯಾಗ್ರಾಹಕ ಟಿಮೊಥಿ ಗ್ರೀನ್‌ಫೀಲ್ಡ್-ಸ್ಯಾಂಡರ್ಸ್. ಅಧ್ಯಕ್ಷರು, ಲೇಖಕರು, ಚಿತ್ರಕಾರರ ಭಾವಚಿತ್ರಗಳಿಂದ ಹೆಸರಾಗಿದ್ದ ಅವರು ಆ ಉದ್ಯಮದ 30 ಕಲಾವಿದರನ್ನು ತಮ್ಮ ಸ್ಟುಡಿಯೊಗೆ ಕರೆಸಿದರು. ಪ್ರತಿಯೊಬ್ಬರದ್ದೂ ಎರಡು ಚಿತ್ರ. ಒಂದು ಅವರು ದಿನನಿತ್ಯ ಉಡುವ ಬಟ್ಟೆಯಲ್ಲಿ, ಇನ್ನೊಂದು ಬಟ್ಟೆಯಿಲ್ಲದೆ. ಎರಡರಲ್ಲೂ ನಿಂತ ಭಂಗಿ ಒಂದೇ, ಹಿನ್ನೆಲೆ ಒಂದೇ. 2004ರಲ್ಲಿ ಈ ಚಿತ್ರಗಳು ಪುಸ್ತಕವಾಗಿ ಬಂದವು, ನ್ಯೂಯಾರ್ಕಿನ ಮೇರಿ ಬೂನ್ ಗ್ಯಾಲರಿಯ ಗೋಡೆಯೇರಿದವು. ಅದೇ ವರ್ಷ, ಅವುಗಳನ್ನು ತೆಗೆದ ಬಗೆಯನ್ನೇ ವಸ್ತುವಾಗಿಸಿಕೊಂಡ ‘ಥಿಂಕಿಂಗ್ ಎಕ್ಸ್‌ಎಕ್ಸ್‌ಎಕ್ಸ್’ ಎಂಬ ಸಾಕ್ಷ್ಯಚಿತ್ರ ಎಚ್‌ಬಿಒ ವಾಹಿನಿಯಲ್ಲಿ ಪ್ರಸಾರವಾಯಿತು.

ಜೋಡಿಚಿತ್ರದ ಈ ಉಪಾಯ ಹಳೆಯದು. ಸ್ಪೇನಿನ ಚಿತ್ರಕಾರ ಗೋಯಾ ಹದಿನೆಂಟನೆಯ ಶತಮಾನದ ಕೊನೆ ಮತ್ತು ಹತ್ತೊಂಬತ್ತನೆಯದರ ಆರಂಭದಲ್ಲಿ ಒಬ್ಬಳೇ ಹೆಣ್ಣನ್ನು ಒಂದೇ ಭಂಗಿಯಲ್ಲಿ ಎರಡು ಸಲ ಬರೆದ. ಒಂದರಲ್ಲಿ ಬಟ್ಟೆಯಿದೆ, ಒಂದರಲ್ಲಿ ಇಲ್ಲ. ಈ ಚಿತ್ರಗಳಿಗಾಗಿ 1815ರಲ್ಲಿ ಧಾರ್ಮಿಕ ನ್ಯಾಯಾಲಯ ಅವನನ್ನು ವಿಚಾರಣೆಗೆ ಕರೆಯಿತು. ಇಂದು ಎರಡೂ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿವೆ. ಗ್ರೀನ್‌ಫೀಲ್ಡ್-ಸ್ಯಾಂಡರ್ಸ್ ಇದೇ ಜೋಡಿಯನ್ನು ಮಾದರಿಯಾಗಿಟ್ಟುಕೊಂಡರು. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗ ನಮ್ಮ ಕಣ್ಣು ತಾನಾಗಿಯೇ ಮೈಯನ್ನು ಬಿಟ್ಟು ಮುಖಕ್ಕೆ ಹೋಗುತ್ತದೆ. ಬಟ್ಟೆ ಬದಲಾದಾಗ ಮುಖ ಬದಲಾಯಿತೇ ಎಂದು ಹುಡುಕತೊಡಗುತ್ತೇವೆ. ಹಾಗೆ ಹುಡುಕುವ ಹೊತ್ತಿಗೆ ನಮ್ಮೆದುರು ಇರುವುದು ಒಬ್ಬ ವ್ಯಕ್ತಿ.

ಸಾಕ್ಷ್ಯಚಿತ್ರದ ಬಲವೂ ಇಲ್ಲೇ ಇದೆ. ಕ್ಯಾಮೆರಾ ಮುಂದೆ ಬಂದವರು ಮಾತಾಡುತ್ತಾರೆ. ಈ ಕೆಲಸಕ್ಕೆ ಹೇಗೆ ಬಂದೆ, ಮನೆಯವರು ಏನೆಂದರು, ಯಾವುದಕ್ಕೆ ಒಪ್ಪುತ್ತೇನೆ, ಯಾವುದಕ್ಕೆ ಒಪ್ಪುವುದಿಲ್ಲ ಎಂಬುದೆಲ್ಲ ಅವರ ಬಾಯಿಂದಲೇ ಬರುತ್ತದೆ. ಅವರಲ್ಲಿ ಒಬ್ಬರಾದ ನೀನಾ ಹಾರ್ಟ್ಲಿ ನರ್ಸಿಂಗ್ ಪದವೀಧರೆ. ಗೋರ್ ವಿಡಾಲ್‌ರಂಥ ಲೇಖಕರೂ ಸಿನಿಮಾದಲ್ಲಿ ಮಾತಾಡುತ್ತಾರೆ. ಪುಸ್ತಕಕ್ಕೆ ಸಲ್ಮಾನ್ ರಶ್ದಿ ಪ್ರಬಂಧ ಬರೆದಿದ್ದಾರೆ. ಆದರೆ ಮನಸ್ಸಿನಲ್ಲಿ ನಿಲ್ಲುವುದು ಪಂಡಿತರ ವ್ಯಾಖ್ಯಾನಕ್ಕಿಂತ ಆ ಕಲಾವಿದರ ಮಾತು.

ದೊಡ್ಡ ಕ್ಯಾಮೆರಾದ ಶಿಸ್ತು

ಗ್ರೀನ್‌ಫೀಲ್ಡ್-ಸ್ಯಾಂಡರ್ಸ್ ಈ ಚಿತ್ರಗಳಿಗೆ ಬಳಸಿದ್ದು ಎಂಟು ಇಂಚು ಅಗಲ, ಹತ್ತು ಇಂಚು ಉದ್ದದ ಫಿಲ್ಮ್ ಹಾಳೆ ಹಿಡಿಯುವ ಮರದ ಕ್ಯಾಮೆರಾ. ನಮ್ಮ ಊರುಗಳ ಹಳೆಯ ಸ್ಟುಡಿಯೊಗಳಲ್ಲಿ ಮೂರು ಕಾಲಿನ ಮೇಲೆ ನಿಂತಿರುತ್ತಿದ್ದ ಪೆಟ್ಟಿಗೆಯ ಜಾತಿಗೇ ಸೇರಿದ್ದು. ಮಸೂರದಿಂದ ಬಂದ ಬಿಂಬ ಹಿಂದಿನ ಮಬ್ಬುಗಾಜಿನ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಫೋಟೊ ತೆಗೆಯುವವರು ಕರಿಬಟ್ಟೆ ಹೊದ್ದು ಅದನ್ನು ನೋಡಿ ಫೋಕಸ್ ಕೂಡಿಸುತ್ತಾರೆ. ಆಮೇಲೆ ಫಿಲ್ಮ್ ಇರುವ ಚೌಕಟ್ಟನ್ನು ತೂರಿಸಿದರೆ ಗಾಜು ಮುಚ್ಚಿಹೋಗುತ್ತದೆ, ಕ್ಯಾಮೆರಾದ ಮೂಲಕ ಏನೂ ಕಾಣುವುದಿಲ್ಲ. ಫೋಟೊ ತೆಗೆಯುವವರು ಬಟ್ಟೆಯಿಂದ ಹೊರಬಂದು, ಕ್ಯಾಮೆರಾದ ಪಕ್ಕದಲ್ಲಿ ನಿಂತು, ಎದುರಿನವರ ಕಣ್ಣನ್ನೇ ನೋಡುತ್ತ ಗುಂಡಿ ಒತ್ತಬೇಕು.

ಈ ವಿಧಾನದಲ್ಲಿ ಕದ್ದು ತೆಗೆಯಲು ಸಾಧ್ಯವಿಲ್ಲ. ಎದುರಿಗಿರುವವರು ಅಲುಗಾಡದೆ ನಿಲ್ಲಬೇಕು, ಅಂದರೆ ಒಪ್ಪಿ ನಿಲ್ಲಬೇಕು. ಒಂದು ಹಾಳೆಗೂ ಇನ್ನೊಂದು ಹಾಳೆಗೂ ನಡುವೆ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮಾತು ಹುಟ್ಟುತ್ತದೆ. ಕ್ಷಣಕ್ಕೆ ಹತ್ತು ಚಿತ್ರ ಹೊಡೆಯುವ ಇಂದಿನ ಫೋನಿನಲ್ಲಿ ಈ ಬಿಡುವಿಲ್ಲ. ಭಾವಚಿತ್ರ ಎಂಬುದು ಇಬ್ಬರು ಕೂಡಿ ಮಾಡುವ ಕೆಲಸ ಎಂಬ ಮಾತನ್ನು ಆ ಮರದ ಪೆಟ್ಟಿಗೆ ಪ್ರತಿಸಲವೂ ಒತ್ತಾಯದಿಂದ ನೆನಪಿಸುತ್ತದೆ.

ಆ ಒಪ್ಪಿಗೆ ದಾಖಲಾಗದೆ ಉಳಿದ ಚಿತ್ರಗಳು ಹೇಗಿರುತ್ತವೆ ಎಂಬುದಕ್ಕೆ ಅಮೆರಿಕದ ಛಾಯಾಗ್ರಾಹಕ ಇ.ಜೆ. ಬೆಲ್ಲೊಕ್‌ನ ಗಾಜಿನ ಫಲಕಗಳೇ ಸಾಕ್ಷಿ. 1912ರ ಸುಮಾರಿಗೆ ಆತ ನ್ಯೂ ಆರ್ಲಿಯನ್ಸ್‌ನ ವೇಶ್ಯಾವಾಟಿಕೆಯ ಹೆಣ್ಣುಮಕ್ಕಳ ಫೋಟೊ ತೆಗೆದ. 1949ರಲ್ಲಿ ಆತ ತೀರಿಕೊಂಡ ಮೇಲೆ ಫಲಕಗಳು ಸಿಕ್ಕವು. 1970ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವನ್ನು ಜಗತ್ತಿಗೆ ತೋರಿಸಿತು. ಚಿತ್ರಗಳು ಸುಂದರವಾಗಿವೆ, ಆತ್ಮೀಯವಾಗಿವೆ. ಆದರೆ ಆ ಹೆಣ್ಣುಮಕ್ಕಳ ಹೆಸರಿಲ್ಲ, ಮಾತಿಲ್ಲ. ಕೆಲವು ಫಲಕಗಳಲ್ಲಿ ಮುಖವನ್ನೇ ಕೆರೆದು ಹಾಕಲಾಗಿದೆ. ಇದಕ್ಕೆ ಎದುರಾಗಿ ನಿಲ್ಲುವುದು ನಮ್ಮದೇ ದೇಶದ ಛಾಯಾಗ್ರಾಹಕಿ ದಯನಿತಾ ಸಿಂಗ್ 2001ರಲ್ಲಿ ತಂದ ‘ಮೈಸೆಲ್ಫ್ ಮೋನಾ ಅಹ್ಮದ್’. ದೆಹಲಿಯ ಹಿಜ್ರಾ ಸಮುದಾಯದ ಮೋನಾ ಅವರ ಚಿತ್ರಗಳ ಜೊತೆಗೆ, ಪ್ರಕಾಶಕರಿಗೆ ಮೋನಾ ಹೇಳಿ ಬರೆಸಿದ ಇ-ಮೇಲ್‌ಗಳೇ ಆ ಪುಸ್ತಕದ ಪಠ್ಯ.

ಕಂಪನಿ ನಾಟಕದ ಊರಿನಲ್ಲಿ

ಇಷ್ಟೆಲ್ಲ ದಾವಣಗೆರೆಯ ಓದುಗರಿಗೆ ಏಕೆ ಬೇಕು? ಏಕೆಂದರೆ ಈ ಊರು ವೇದಿಕೆಯ ಮೇಲಿನ ಹೆಣ್ಣನ್ನು ಬಹುಕಾಲದಿಂದ ನೋಡುತ್ತ ಬಂದಿದೆ. ಹತ್ತಿ ಗಿರಣಿಗಳ ಕಾರ್ಮಿಕರು, ಪಕ್ಕದ ಹರಿಹರದ ಕಾರ್ಖಾನೆಗಳ ನೌಕರರು, ಸುತ್ತಲ ಹಳ್ಳಿಗಳಿಂದ ಸಂತೆಗೆ ಬಂದವರು ಕಂಪನಿ ನಾಟಕಗಳನ್ನು ಸಾಕಿದರು. ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕಾ ಜಾತ್ರೆಗೆ ಕಂಪನಿಯ ಕ್ಯಾಂಪು ಬಂದರೆ ಊರಿಗೆ ಕಳೆ. ಚಿಂದೋಡಿ ಮನೆತನದ ಕೆಬಿಆರ್ ಡ್ರಾಮಾ ಕಂಪನಿ ಈ ಮಣ್ಣಿನದೇ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕಂಪನಿ ನಟಿಯರ ಕಸುಬಿಗೂ ಅಮೆರಿಕದ ಆ ಉದ್ಯಮಕ್ಕೂ ಸಂಬಂಧವಿಲ್ಲ. ಎರಡೂ ಕಡೆ ಸಮಾನವಾಗಿರುವುದು ನೋಡುವವರ ನಡತೆ. ರಾತ್ರಿ ಶಿಳ್ಳೆ ಹೊಡೆದು ‘ಒನ್ಸ್ ಮೋರ್’ ಕೂಗಿದವರು ಹಗಲು ಆಕೆಗೆ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತಾರೆ. ದ್ವಂದ್ವಾರ್ಥದ ಮಾತು ಬರೆದವರು ಒಬ್ಬರು, ಗಲ್ಲಾಪೆಟ್ಟಿಗೆ ತುಂಬಿಸಿಕೊಂಡವರು ಇನ್ನೊಬ್ಬರು. ಕೆಟ್ಟ ಹೆಸರು ಮಾತ್ರ ಆ ಮಾತನ್ನು ವೇದಿಕೆಯಲ್ಲಿ ಆಡಿದ ಹೆಣ್ಣಿಗೆ. ಸಂಸಾರ ಸಾಕಲು, ಮಕ್ಕಳ ಫೀಸು ಕಟ್ಟಲು ಬಣ್ಣ ಹಚ್ಚಿದವರ ಬದುಕು ಈ ಅನ್ಯಾಯದ ನಡುವೆಯೇ ಸಾಗಿದೆ.

ಅವರ ಫೋಟೊಗಳ ಕಥೆಯೂ ಹಾಗೇ. ಕಂಪನಿಗೆ ಫೋಟೊ ಬೇಕಾಗಿದ್ದದ್ದು ಹ್ಯಾಂಡ್‌ಬಿಲ್ಲಿಗೆ, ಗೋಡೆಯ ಪೋಸ್ಟರಿಗೆ, ಥಿಯೇಟರ್ ಮುಂದಿನ ಬೋರ್ಡಿಗೆ. ಹಾಗಾಗಿ ಪಾತ್ರದ ವೇಷದಲ್ಲೇ ನಿಲ್ಲಿಸಿ, ಬಣ್ಣದ ಪರದೆಯ ಮುಂದೆ ತೆಗೆದದ್ದೇ ಹೆಚ್ಚು. ಅದರಲ್ಲೂ ಕುಶಲತೆಯಿತ್ತು. ಹಳೆಯ ಗಾಜಿನ ಫಲಕಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ತುಟಿಯ ರಂಗು, ಕೆನ್ನೆಯ ಇಂಗಳೀಕ ಪ್ರಿಂಟಿನಲ್ಲಿ ಕಪ್ಪಾಗಿ ಬೀಳುತ್ತಿದ್ದವು. ನೆಗೆಟಿವ್ ಮೇಲೆ ಸೀಸದಕಡ್ಡಿಯಿಂದ ಸಣ್ಣಗೆ ತಿದ್ದಿ ಕಲೆ ತೆಗೆಯುತ್ತಿದ್ದರು. ಪ್ರಿಂಟಿಗೆ ಕುಂಚದಿಂದ ಬಣ್ಣ ತುಂಬುತ್ತಿದ್ದರು. ಅದರಿಂದ ಬ್ಲಾಕ್ ಮಾಡಿಸಿ ಮುದ್ರಣಾಲಯದಲ್ಲಿ ಹ್ಯಾಂಡ್‌ಬಿಲ್ ಅಚ್ಚು ಹಾಕಿಸುತ್ತಿದ್ದರು. ಅಷ್ಟು ಶ್ರಮದ ಕೊನೆಗೆ ಉಳಿಯುತ್ತಿದ್ದದ್ದು ರಾಣಿ, ಸೊಸೆ, ಹಳ್ಳಿ ಹುಡುಗಿ. ಆ ಪಾತ್ರ ಮಾಡಿದವರು ತಮ್ಮ ಸ್ವಂತ ಸೀರೆಯಲ್ಲಿ, ತಮ್ಮ ಹೆಸರಿನಲ್ಲಿ ನಿಂತ ಚಿತ್ರ ಅಪರೂಪ.

ಕೆಲವರು ತಮ್ಮನ್ನು ಹೇಗೆ ನೋಡಬೇಕು ಎಂಬುದನ್ನು ತಾವೇ ತೀರ್ಮಾನಿಸಿದರು. ದಾವಣಗೆರೆಯ ಚಿಂದೋಡಿ ಲೀಲಾ ನಟಿಯಾಗಿದ್ದು ಕಂಪನಿಯನ್ನೂ ನಡೆಸಿದರು. 1988ರಲ್ಲಿ ಪದ್ಮಶ್ರೀ ಪಡೆದರು. ಅವರ ‘ಹಳ್ಳಿ ಹುಡುಗಿ’ ಬೆಳಗಾವಿಯಲ್ಲಿ ಸಾವಿರಕ್ಕೂ ಹೆಚ್ಚು ಪ್ರದರ್ಶನ ಕಂಡಿತು. 2010ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಾಡು ಕಳೆದುಕೊಂಡದ್ದು ಒಬ್ಬ ನಟಿಯ ಜೊತೆಗೆ ಒಬ್ಬ ಮಾಲಕಿಯನ್ನೂ. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅಲ್ಲಿ ಗಂಡು ಪಾತ್ರಗಳನ್ನೂ ಹೆಂಗಸರೇ ಮಾಡುತ್ತಿದ್ದರು. 2012ರಲ್ಲಿ ಅವರಿಗೂ ಪದ್ಮಶ್ರೀ ಬಂತು.

ದಾವಣಗೆರೆಯ ಬಸ್ ನಿಲ್ದಾಣಕ್ಕೂ ಈ ಕಥೆಯಲ್ಲಿ ಪಾಲಿದೆ. ಬಳ್ಳಾರಿ ಜಿಲ್ಲೆಯಲ್ಲಿ ಗಂಡುಮಗುವಾಗಿ ಹುಟ್ಟಿ, ಹೆಣ್ಣಾಗಿ ಬದುಕಲು ಹೊರಟು, ಮನೆಯಿಂದ ಹೊರಬಿದ್ದು ಭಿಕ್ಷೆ ಬೇಡಿ ಬದುಕುತ್ತಿದ್ದ ಮಂಜಮ್ಮ ಜೋಗತಿ ಅವರು ಜೋಗತಿ ನೃತ್ಯವನ್ನು ಕಂಡದ್ದು ಅಲ್ಲಿ. ಅಪ್ಪ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಆ ಕುಣಿತ ಅವರ ಬದುಕಿಗೆ ದಾರಿಯಾಯಿತು. ಮುಂದೆ ಕಾಳವ್ವ ಜೋಗತಿಯವರ ಬಳಿ ಪಳಗಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದಾಗ, ಪ್ರಶಸ್ತಿ ಕೊಡಲು ನಿಂತಿದ್ದ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಗೆ ತಮ್ಮ ಸೆರಗಿನಿಂದ ದೃಷ್ಟಿ ತೆಗೆದರು. ದೇಶವೆಲ್ಲ ಹರಡಿದ ಆ ಚಿತ್ರದ ಭಂಗಿಯನ್ನು ಯಾವ ಛಾಯಾಗ್ರಾಹಕರೂ ಹೇಳಿಕೊಟ್ಟಿರಲಿಲ್ಲ. ಹೇಗೆ ಕಾಣಬೇಕೆಂದು ಮಂಜಮ್ಮನವರೇ ನಿರ್ಧರಿಸಿದ್ದರು.

ನಾವು ಮಾಡಬಹುದಾದದ್ದು

ದಾವಣಗೆರೆಗೆ ಈಗ ವೃತ್ತಿ ರಂಗಭೂಮಿಗೆಂದೇ ಮೀಸಲಾದ ರಂಗಾಯಣ ಬಂದಿದೆ. ಊರಿನಲ್ಲಿ ದೃಶ್ಯಕಲಾ ಮಹಾವಿದ್ಯಾಲಯವಿದೆ. ದಾವಣಗೆರೆ, ಹರಿಹರ ಎರಡೂ ನಗರಗಳಲ್ಲಿ ತಲೆಮಾರುಗಳಿಂದ ಫೋಟೊ ತೆಗೆಯುತ್ತ ಬಂದ ಸ್ಟುಡಿಯೊದವರಿದ್ದಾರೆ. ಇವರೆಲ್ಲ ಕೈಜೋಡಿಸಿದರೆ, ಇನ್ನೂ ನಮ್ಮ ನಡುವೆ ಇರುವ ಕಂಪನಿ ಕಲಾವಿದೆಯರ ಜೋಡಿ ಭಾವಚಿತ್ರಗಳ ಸಂಗ್ರಹವೊಂದನ್ನು ಕಟ್ಟಬಹುದು. ಒಂದು ಚಿತ್ರ ಅವರಿಗೆ ಪ್ರಿಯವಾದ ಪಾತ್ರದ ವೇಷದಲ್ಲಿ, ಇನ್ನೊಂದು ಮನೆಯುಡುಗೆಯಲ್ಲಿ. ಜೊತೆಗೆ ಅವರದೇ ದನಿಯಲ್ಲಿ ಅವರ ವೃತ್ತಿಜೀವನದ ಕಥೆ.

ಇದಕ್ಕೆ ನಿಯಮಗಳು ಮೊದಲೇ ಇರಬೇಕು. ಎಲ್ಲಿ ನಿಲ್ಲಬೇಕು, ಏನು ಉಡಬೇಕು ಎಂದು ಹೇಳುವವರು ಕಲಾವಿದೆ. ತೆಗೆದ ಚಿತ್ರಗಳಲ್ಲಿ ಯಾವುದು ಉಳಿಯಬೇಕು ಎಂದು ಆರಿಸುವವರೂ ಅವರೇ. ಹೆಸರು ಬೇಡವೆಂದರೆ ಹೆಸರು ಹಾಕಬಾರದು. ಮುಂದೊಂದು ದಿನ ಚಿತ್ರ ತೆಗೆದುಹಾಕಿ ಎಂದರೆ ತೆಗೆದುಹಾಕಬೇಕು. ಒಳ್ಳೆಯ ಪ್ರಿಂಟೊಂದು ಅವರ ಮನೆ ಸೇರಬೇಕು. ಬಂದುಹೋದ ದಿನದ ಕೂಲಿಯನ್ನು ಗೌರವಧನವಾಗಿ ಅಂದೇ ಕೈಗಿಡಬೇಕು, ಏಕೆಂದರೆ ಕಲಾವಿದರ ಹೊತ್ತನ್ನು ಪುಕ್ಕಟೆಯಾಗಿ ಪಡೆಯುವುದು ಅವರಿಗೆ ಆದ ಹಳೆಯ ಅನ್ಯಾಯಗಳಲ್ಲೊಂದು.

ಮನೆಯ ಟ್ರಂಕಿನಲ್ಲಿ ಹಳೆಯ ಕಂಪನಿ ಫೋಟೊಗಳಿರುವವರು ಇಂದೇ ಒಂದು ಕೆಲಸ ಮಾಡಬಹುದು. ಹಿರಿಯರನ್ನು ಕೂರಿಸಿಕೊಂಡು, ಚಿತ್ರದಲ್ಲಿರುವವರು ಯಾರು, ಯಾವ ನಾಟಕ, ಯಾವ ಊರಿನ ಮೊಕ್ಕಾಂ ಎಂದು ಕೇಳಿ, ಪ್ರಿಂಟಿನ ಹಿಂದೆ ಮೃದುವಾದ ಪೆನ್ಸಿಲಿನಲ್ಲಿ ಬರೆದಿಡಬೇಕು. ಇಂಕು ಬೇಡ, ಅದು ಮುಂದಕ್ಕೆ ಒಸರುತ್ತದೆ. ಅಂಟಿನ ಆಲ್ಬಮ್ಮಿನಿಂದ ಬಿಡಿಸಲು ಎಳೆಯಬಾರದು, ಹಾಳೆಯ ಸಮೇತ ಸ್ಕ್ಯಾನ್ ಮಾಡಿಸಬೇಕು. ಹೇಳಬಲ್ಲವರು ಇನ್ನೂ ಇರುವಾಗಲೇ ಕೇಳಿ ಬರೆದಿಟ್ಟರೆ, ಎಷ್ಟೋ ರಾತ್ರಿ ನಮ್ಮನ್ನು ನಗಿಸಿ ಅಳಿಸಿದ ಹೆಣ್ಣುಮಕ್ಕಳು ಮುಂದಿನವರಿಗೆ ತಮ್ಮ ಹೆಸರಿನಿಂದಲೇ ಪರಿಚಯವಾಗುತ್ತಾರೆ.