ಉಸಿರಿನ ದಾರಿಯಲ್ಲೊಂದು ಡಬ್ಬ

ಗಾರೆಯವರು ಗೋಡೆಯ ಮಟ್ಟ ಹಿಡಿಯಲು ಬಳಸುವ ನೀರಿನ ಪೈಪನ್ನು ನೀವು ನೋಡಿರುತ್ತೀರಿ. ಬೆರಳು ದಪ್ಪ, ಒಳಗಿನ ನೀರು ಹೊರಗಿನಿಂದಲೇ ಕಾಣುತ್ತದೆ. ಮೈಸೂರಿನ ಉದಯಗಿರಿಯ ಮಹದೇವಪುರ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಗ್ಯಾರೇಜಿನಲ್ಲಿ ಆ ಪೈಪನ್ನು ಕಾರಿನ ಬಾನೆಟ್ಟಿಗೆ ಕಟ್ಟಿದ್ದರು. ಇಂಗ್ಲಿಷಿನ ಯು ಅಕ್ಷರದ ಹಾಗೆ ಬಾಗಿಸಿ, ಅರ್ಧದವರೆಗೆ ನೀರು ತುಂಬಿ, ಕಣ್ಣಿಗೆ ಕಾಣಲೆಂದು ಎರಡು ತೊಟ್ಟು ಹಸಿರು ಕೂಲಂಟ್ ಬೆರೆಸಿದ್ದರು. ಒಂದು ತುದಿ ಗಾಳಿಗೆ ತೆರೆದಿತ್ತು. ಇನ್ನೊಂದು ತುದಿಯನ್ನು ಹಳೆಯ ಆಯಿಲ್ ಕ್ಯಾಪಿಗೆ ತೂತು ಕೊರೆದು ಕೂರಿಸಿದ ನಿಪ್ಪಲ್ಲಿಗೆ ಸಿಕ್ಕಿಸಿದ್ದರು. ಇಂಜಿನ್ ಚಾಲೂ ಆದದ್ದೇ ಹಸಿರು ನೀರು ಇಂಜಿನ್ನಿನ ಕಡೆಗೆ ಒಂದಿಷ್ಟು ಏರಿ ನಿಂತಿತು. ಗ್ಯಾರೇಜಿನ ಉಸ್ತಾದ್ ಮಾರ್ಕರ್ ಪೆನ್ನಿನಿಂದ ಅಲ್ಲೊಂದು ಗೆರೆ ಎಳೆದರು.

“ಇದು ಇವತ್ತಿನ ಉಸಿರು ಸಾರ್. ಡಬ್ಬ ಹಾಕಿದ ಮೇಲೂ ನೀರು ಇಲ್ಲೇ ನಿಲ್ಲಬೇಕು. ಡಬ್ಬ ಇದೆ ಅಂತ ಇಂಜಿನ್ನಿಗೇ ಗೊತ್ತಾಗಬಾರದು.”

ಆ ಡಬ್ಬದ ಹೆಸರು ಆಯಿಲ್ ಕ್ಯಾಚ್ ಕ್ಯಾನ್. ನನ್ನ ಭಾವಮೈದುನ ಸೆಕೆಂಡ್‌ಹ್ಯಾಂಡ್ ಕೊಂಡ, ಸೂಪರ್‌ಚಾರ್ಜರ್ ಇರುವ 1.8 ಲೀಟರಿನ ಪೆಟ್ರೋಲ್ ಕಾರಿಗೆ ಅದನ್ನು ಹಾಕಿಸಲು ಹೋಗಿದ್ದೆವು. ಬೆಳಗ್ಗೆ ಹೋದವರು ಸಂಜೆಯವರೆಗೂ ಅಲ್ಲೇ ಇದ್ದೆವು. ಡಬ್ಬವೊಂದನ್ನು ಎರಡು ಬೋಲ್ಟಿನಲ್ಲಿ ಬಿಗಿಯಲು ಇಷ್ಟು ಹೊತ್ತೇಕೆ ಎಂಬ ಪ್ರಶ್ನೆಗೆ ಅಂದು ಸಿಕ್ಕ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಿಲಿಂಡರಿನೊಳಗೆ ಪೆಟ್ರೋಲ್ ಉರಿದಾಗ ಒತ್ತಡ 50 ಬಾರ್ ದಾಟುತ್ತದೆ. ಅದನ್ನು ತಡೆದು ನಿಲ್ಲಿಸುವುದು ಪಿಸ್ಟನ್ನಿನ ಸುತ್ತ ಇರುವ ತೆಳು ಉಕ್ಕಿನ ರಿಂಗುಗಳು. ಎಷ್ಟೇ ಹೊಸ ಇಂಜಿನ್ ಆಗಲಿ, ರಿಂಗಿನ ಸಂದಿಯಿಂದ ಅಷ್ಟಿಷ್ಟು ಗಾಳಿ ಕೆಳಗಿನ ಚೇಂಬರಿಗೆ ನುಸುಳಿಯೇ ನುಸುಳುತ್ತದೆ. ಇದು ಅತಿಯಾದಾಗ ನಮ್ಮ ಮೆಕ್ಯಾನಿಕ್ಕುಗಳು ‘ಬ್ಯಾಕ್ ಕಂಪ್ರೆಶನ್’ ಎನ್ನುತ್ತಾರೆ. ಚೇಂಬರಿನಲ್ಲಿ ಕ್ರ್ಯಾಂಕು ಗಿರಗಿರನೆ ತಿರುಗುತ್ತ ಆಯಿಲನ್ನು ಮಂಜಿನಂತೆ ಎರಚಾಡುತ್ತಿರುತ್ತದೆ. ನುಸುಳಿ ಬಂದ ಗಾಳಿ ಆ ಮಂಜನ್ನೂ ಹೊತ್ತುಕೊಂಡು ಹೊರದಾರಿ ಹುಡುಕುತ್ತದೆ. ಅದರ ಜೊತೆ ನೀರಿನ ಆವಿಯೂ ಇರುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ ಎಂದರೆ ನಂಬುವುದು ಕಷ್ಟ, ಆದರೂ ಲೆಕ್ಕ ಹಾಗೆಯೇ ಬರುತ್ತದೆ. ಬಹುಪಾಲು ಸೈಲೆನ್ಸರಿನಿಂದ ಆವಿಯಾಗಿ ಹೋಗುತ್ತದೆ. ಅದರಲ್ಲಿ ಒಂದು ಪಾಲು ಮಾತ್ರ ಕೆಳಗಿಳಿಯುತ್ತದೆ.

ಹಿಂದಿನ ಕಾರುಗಳಲ್ಲಿ ಇದನ್ನೆಲ್ಲ ಒಂದು ಬ್ರೀದರ್ ಪೈಪಿನಿಂದ ರಸ್ತೆಗೆ ಬಿಟ್ಟುಬಿಡುತ್ತಿದ್ದರು. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದವರು ಹೊಗೆಮಂಜಿನಿಂದ ಬೇಸತ್ತು, ಇಂಜಿನ್ನಿನ ಈ ಉಸಿರನ್ನು ಇಂಜಿನ್ನಿಗೇ ಮರಳಿ ಕುಡಿಸಿ ಸುಡುವ ಪಿಸಿವಿ ವಾಲ್ವನ್ನು ಚಾಲ್ತಿಗೆ ತಂದರು. ಇಂದು ನಮ್ಮ ಭಾರತ್ ಸ್ಟೇಜ್ ನಿಯಮಗಳೂ ಪೆಟ್ರೋಲ್ ಕಾರಿನ ಚೇಂಬರ್ ಗಾಳಿಯನ್ನು ಹೊರಗೆ ಬಿಡಗೊಡುವುದಿಲ್ಲ. ಊರಿನ ಗಾಳಿಗೆ ಇದರಿಂದ ಆದ ಉಪಕಾರ ದೊಡ್ಡದು. ಆದರೆ ಹೊರಗೆ ಹೋಗುತ್ತಿದ್ದ ಆಯಿಲ್ ಮಂಜು ಈಗ ಇಂಜಿನ್ನಿನ ಮೂಗಿನೊಳಕ್ಕೆ ಹೋಗುವಂತಾಯಿತು.

ಮೈಸೂರಿನವರಿಗೆ ಆಯಿಲ್ ಕುಡಿಯುವ ಇಂಜಿನ್ ಹೊಸದಲ್ಲ. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಈ ಊರಿಗೆ ಜಾವಾ, ಯೆಜ್ಡಿ ಬೈಕುಗಳ ಜೊತೆಗೆ ಅವನ್ನು ಬಿಚ್ಚಿ ಜೋಡಿಸಬಲ್ಲ ಒಂದು ತಲೆಮಾರನ್ನೂ ಕೊಟ್ಟಿತು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಾರೆ. ಅದರ ಕ್ರ್ಯಾಂಕ್ ಚೇಂಬರೇ ಪಂಪಿನಂತೆ ಮಿಶ್ರಣವನ್ನು ಒತ್ತಿ ಮೇಲಕ್ಕೆ ಕಳಿಸುತ್ತದೆ. ಹಾಗಾಗಿ ಸೈಲೆನ್ಸರಿನೊಳಗೆ ಮಸಿ ಕಟ್ಟುತ್ತದೆ. ಅದನ್ನು ಬಿಚ್ಚಿ ಸುಟ್ಟು ತೆಗೆಯುವುದು ಆಗಿನ ಗ್ಯಾರೇಜುಗಳ ವಾಡಿಕೆಯ ಕೆಲಸ. ನಮ್ಮ ಉಸ್ತಾದ್ ಕೈಯಲ್ಲಿ ಮೊದಲು ಸ್ಪ್ಯಾನರ್ ಹಿಡಿದದ್ದು ಯೆಜ್ಡಿಯ ಮೇಲೆಯೇ. ಉರಿಯಬಾರದ ಆಯಿಲ್ ಉರಿದರೆ ಏನಾಗುತ್ತದೆಂದು ಅವರು ಉಗುರಿನಲ್ಲಿ ಕೆರೆದು ಕಲಿತವರು. ಕ್ಯಾಚ್ ಕ್ಯಾನಿನ ಮೊದಲ ಪಾಠ ಸಿಕ್ಕಿದ್ದು ಮಾತ್ರ ಬುಲೆಟ್ಟಿನಲ್ಲಂತೆ. ಹಳೆಯ ಎರಕದ ಕಬ್ಬಿಣದ ಇಂಜಿನ್ನಿನ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿಗೆ ಕಂಪನಿಯೇ ಒಂದು ಪುಟ್ಟ ಕ್ಯಾಚ್ ಕ್ಯಾನ್ ಕೊಡುತ್ತಿತ್ತು. ಚಳಿಗಾಲದಲ್ಲಿ ಬಿಚ್ಚಿದರೆ ಅದರೊಳಗೆ ಕಡೆದ ಬೆಣ್ಣೆಯಂಥ ಬಿಳಿ ಪೇಸ್ಟು ಸಿಗುತ್ತಿತ್ತು. ಆಯಿಲೂ ನೀರೂ ಕೂಡಿ ಆದದ್ದು.

ಸೂಪರ್‌ಚಾರ್ಜರ್ ಇರುವ ಕಾರಿನಲ್ಲಿ ಈ ಕೆಲಸ ಹೆಚ್ಚು ನಾಜೂಕು. ಸೂಪರ್‌ಚಾರ್ಜರ್ ಎಂದರೆ ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುವ ಗಾಳಿಪಂಪು. ಎರಡು ರೋಟರುಗಳು ಒಂದನ್ನೊಂದು ಮುಟ್ಟದೆ, ಕೂದಲೆಳೆಯ ಸಂದಿಯಲ್ಲಿ ತಿರುಗುತ್ತ ಗಾಳಿಯನ್ನು ಬಾಚಿ ಮುಂದಕ್ಕೆ ದೂಡುತ್ತವೆ. ಇದರ ಮೂಲ ಅಮೆರಿಕದ ಇಂಡಿಯಾನಾದ ಕಾನರ್ಸ್‌ವಿಲ್‌ನಲ್ಲಿ ಉಣ್ಣೆ ಗಿರಣಿ ನಡೆಸುತ್ತಿದ್ದ ರೂಟ್ಸ್ ಸಹೋದರರಲ್ಲಿದೆ. ಗಿರಣಿಯ ನೀರುಚಕ್ರಕ್ಕೆ ಬದಲಿ ಹುಡುಕುತ್ತಿದ್ದವರಿಗೆ ಗಾಳಿಯ ಪಂಪು ಸಿಕ್ಕಿತು. ಅದಕ್ಕೆ ಪೇಟೆಂಟ್ ಆದದ್ದು 1860ರಲ್ಲಿ, ಕಾರು ಇನ್ನೂ ಹುಟ್ಟದ ಕಾಲದಲ್ಲಿ. ಮರ್ಸಿಡಿಸ್‌ನವರು ಬರ್ಲಿನ್ನಿನ ಮೋಟಾರು ಪ್ರದರ್ಶನದಲ್ಲಿ ಸೂಪರ್‌ಚಾರ್ಜರಿನ ಕಾರುಗಳನ್ನು ಜನರ ಮುಂದೆ ಇಟ್ಟದ್ದು 1921ರಲ್ಲಿ.

ಸಾಧಾರಣ ಇಂಜಿನ್ನಿನಲ್ಲಿ ಸಿಲಿಂಡರುಗಳಿಗೆ ಗಾಳಿ ಹಂಚುವ ಮೆನಿಫೋಲ್ಡಿನಲ್ಲಿ ಬಹುತೇಕ ಹೊತ್ತು ಎಳೆತವೇ ಇರುತ್ತದೆ, ಚೇಂಬರಿನ ಗಾಳಿಯನ್ನು ಅದು ಸಲೀಸಾಗಿ ಹೀರಿಕೊಳ್ಳುತ್ತದೆ. ಸೂಪರ್‌ಚಾರ್ಜರ್ ಇದ್ದಲ್ಲಿ ಹಾಗಲ್ಲ. ನಿಂತಲ್ಲಿ, ಮೆಲ್ಲಗೆ ಹೋಗುವಾಗ ಎಳೆತ. ಕಾಲು ಒತ್ತಿ ರೇಸ್ ಕೊಟ್ಟರೆ ಅದೇ ಮೆನಿಫೋಲ್ಡಿನಲ್ಲಿ ಹೊರಗಾಳಿಗಿಂತ ಹೆಚ್ಚಿನ ಒತ್ತಡ. ಆಗ ಅದು ಹೀರುವ ಮಾತಿರಲಿ, ದಾರಿ ತೆರೆದಿದ್ದರೆ ಚೇಂಬರಿನೊಳಕ್ಕೇ ಊದಿಬಿಡುತ್ತದೆ. ಅದಕ್ಕೇ ಇಲ್ಲಿ ಉಸಿರಿಗೆ ಎರಡು ದಾರಿ. ಒಂದು ಮೆನಿಫೋಲ್ಡಿಗೆ, ಗಾಳಿ ಹಿಂದಕ್ಕೆ ಬಾರದಂತೆ ನಡುವೆ ಒಂದು ಒನ್‌ವೇ ವಾಲ್ವಿನೊಂದಿಗೆ. ಇನ್ನೊಂದು ಏರ್ ಫಿಲ್ಟರ್ ದಾಟಿದ ಮೇಲೆ, ಸೂಪರ್‌ಚಾರ್ಜರಿನ ಬಾಯಿಯ ಹತ್ತಿರಕ್ಕೆ. ಕಾಲು ಒತ್ತಿದಾಗ ಬ್ಯಾಕ್ ಕಂಪ್ರೆಶನ್ನೂ ಹೆಚ್ಚು, ಆಯಿಲ್ ಮಂಜೂ ಹೆಚ್ಚು. ಅದೆಲ್ಲ ಈ ಎರಡನೆಯ ದಾರಿಯಿಂದ ಬಂದು ರೋಟರುಗಳ ಮೇಲೆ ಹಾಯ್ದು ಇಂಟರ್‌ಕೂಲರಿಗೆ ಹೋಗುತ್ತದೆ.

ದೋಸೆ ಹೋಟೆಲಿನ ಕಾವಲಿಯ ಹಿಂದಿನ ಗೋಡೆಯನ್ನೊಮ್ಮೆ ಮುಟ್ಟಿ ನೋಡಿ, ಇಂಟರ್‌ಕೂಲರಿನೊಳಗೆ ಏನಾಗುತ್ತದೆಂದು ತಿಳಿಯುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ತಣಿಸಬೇಕಾದ ನಾಳಗಳಿಗೆ ಜಿಡ್ಡಿನ ಲೇಪ ಕೂತರೆ ತಣಿಯುವುದು ಕಡಿಮೆಯಾಗುತ್ತದೆ. ಬಿಸಿಗಾಳಿ, ಅದರ ಜೊತೆ ಆಯಿಲಿನ ಹನಿ ಸಿಲಿಂಡರಿಗೆ ಹೋದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯುತ್ತದೆ. ‘ನಾಕಿಂಗ್’ ಎನ್ನುವುದು ಇದನ್ನೇ. ಒತ್ತಡ ಹೆಚ್ಚಿರುವ ಇಂಜಿನ್ನಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮುಕಿಸುವ ಹೊಸ ಬಗೆಯ ಇಂಜಿನ್ನುಗಳಲ್ಲಿ ಇನ್ನೊಂದು ಕಷ್ಟವೂ ಉಂಟು: ಇನ್‌ಲೆಟ್ ವಾಲ್ವುಗಳನ್ನು ತೊಳೆಯಲು ಅಲ್ಲಿ ಪೆಟ್ರೋಲ್ ಹಾಯುವುದೇ ಇಲ್ಲ, ಮಸಿ ಗಟ್ಟಿಯಾಗಿ ಕೂತುಬಿಡುತ್ತದೆ.

ಕ್ಯಾಚ್ ಕ್ಯಾನ್ ಮಾಡುವ ಕೆಲಸ ಇಡ್ಲಿ ಪಾತ್ರೆಯ ಮುಚ್ಚಳದ್ದು. ಬಿಸಿ ಆವಿ ತಣ್ಣನೆಯ ಲೋಹಕ್ಕೆ ತಾಗಿ ಹನಿಯಾಗಿ ಇಳಿಯಬೇಕು. ಹಾಗಾಗಿ ಬರೀ ಡಬ್ಬ ಸಾಲದು. ಪೇಟೆಯಲ್ಲಿ ಸಿಗುವ ಅಗ್ಗದ ಡಬ್ಬಗಳು ಹಲವು ಒಳಗೆ ಪೂರಾ ಖಾಲಿ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಮಂಜಿನ ಸಮೇತ ಹೊರಟುಹೋಗುತ್ತದೆ. ಉಸ್ತಾದರ ಡಬ್ಬ ಅಲ್ಯೂಮಿನಿಯಂ ಪೈಪಿನ ತುಂಡಿನಿಂದ ಹುಟ್ಟಿದ್ದು. ಎರಡು ಬೀದಿಯಾಚೆಯ ಲೇತ್ ಅಂಗಡಿಯಲ್ಲಿ ಮುಚ್ಚಳವನ್ನು ಕಡೆಸಿ, ಓ ರಿಂಗ್ ಕೂರಲು ತೋಡು ಕೊರೆಸಿ, ತಳಕ್ಕೆ ಆರ್ಗಾನ್ ವೆಲ್ಡಿಂಗ್ ಮಾಡಿಸಿದ್ದರು. ಒಳಬರುವ ಗಾಳಿ ಒಂದು ಕೊಳವೆಯಲ್ಲಿ ಅರ್ಧದವರೆಗೆ ಇಳಿದು, ತೂತಿನ ತಗಡಿಗೆ ಬಡಿದು, ಅಲ್ಲಿಂದ ಸ್ಟೇನ್‌ಲೆಸ್ ಜಾಲರಿಯ ಸುರುಳಿಯೊಳಗೆ ತೂರಿ ಮೇಲೇಳಬೇಕು. ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರನ್ನೇ ತುರುಕುವವರಿದ್ದಾರೆ. ಉಸ್ತಾದ್ ಅದನ್ನು ಮುಟ್ಟುವುದಿಲ್ಲ. ಎಳೆ ಮುರಿದು ಹಾರಿದರೆ ಸೀದಾ ರೋಟರಿನ ಬಾಯಿಗೆ, ಆ ಕೂದಲೆಳೆಯ ಸಂದಿಗೆ. ಅವರು ಹಾಕುವುದು ನೇಯ್ದ ಜಾಲರಿ. ಅದರ ಅಂಚನ್ನೂ ಮಡಿಸಿ ಹೊಲಿದಂತೆ ತಂತಿ ಸುತ್ತಿರುತ್ತಾರೆ. ಆ ಸುತ್ತು ನೋಡಿದಾಗ ನನಗೆ ನೆನಪಾದದ್ದು ಬುಟ್ಟಿ ಹೆಣೆಯುವವರ ಕೈ.

ಡಬ್ಬ ಕೂರಿಸುವ ಮೊದಲು ಕಂಪ್ರೆಶನ್ ನೋಡಿದರು. ನಾಲ್ಕೂ ಸಿಲಿಂಡರ್ ಸರಿಸಮ ಬಂದ ಮೇಲೆಯೇ ಕೆಲಸಕ್ಕೆ ಕೈ ಹಾಕಿದ್ದು. “ರಿಂಗು ಹೋದ ಇಂಜಿನ್ನಿಗೆ ಡಬ್ಬ ಹಾಕಿಕೊಡಿ ಅಂತ ಬರ್ತಾರೆ ಸಾರ್. ನಾನು ಹಾಕಲ್ಲ. ಬಕೆಟ್ ಇಟ್ಟರೆ ಸೋರೋ ಮನೆ ರಿಪೇರಿ ಆದಂಗಾ?” ಎಂದರು. ಈ ಮಾತಿಗಾಗಿಯೇ ನಾನು ಅವರನ್ನು ಗೌರವಿಸುತ್ತೇನೆ. ಸಾವಿರಾರು ರೂಪಾಯಿಯ ಕೆಲಸವನ್ನು ಬೇಡವೆಂದು ವಾಪಸು ಕಳಿಸುವುದು ಕೈಗುಣದ ಒಂದು ಭಾಗ.

ಆಮೇಲೆ ಜಾಗದ ಹುಡುಕಾಟ ಶುರುವಾಯಿತು. ಎಕ್ಸಾಸ್ಟಿನಿಂದ ದೂರ ಇರಬೇಕು, ಬಿಸಿಯಲ್ಲಿ ಆವಿ ಹನಿಯಾಗುವುದಿಲ್ಲ. ಮುಂದಿನಿಂದ ಗಾಳಿ ತಾಗಬೇಕು. ಬೆಲ್ಟಿಗೆ ಪೈಪು ಸೋಕಬಾರದು. ಇಂಜಿನ್ ಅಲುಗುತ್ತದೆ, ಬಾಡಿ ಅಲುಗುವುದಿಲ್ಲ, ಆದ್ದರಿಂದ ಡಬ್ಬ ಬಾಡಿಗೆ, ಪೈಪಿಗೆ ಒಂದಿಷ್ಟು ಸಡಿಲ. ಕೈ ಹಾಕಿ ಬಿಚ್ಚಿ ಚೆಲ್ಲುವಂತಿರಬೇಕು, ಕಷ್ಟದ ಜಾಗದಲ್ಲಿಟ್ಟರೆ ಯಾರೂ ಚೆಲ್ಲುವುದಿಲ್ಲ. ಕಡೆಗೆ ಬಲಗಡೆ ಹೆಡ್‌ಲೈಟಿನ ಹಿಂದೆ ಜಾಗ ಸಿಕ್ಕಿತು. ಐಟಿಐ ಮುಗಿಸಿ ಬಂದ ಹುಡುಗ ರಟ್ಟು ಕತ್ತರಿಸಿ ಬ್ರಾಕೆಟ್ಟಿನ ಅಳತೆ ತೆಗೆದ. ಮೂರು ಸಲ ಕತ್ತರಿಸಿದ. ನಾಲ್ಕನೆಯದಕ್ಕೆ ಉಸ್ತಾದ್ ತಲೆಯಾಡಿಸಿದರು.

ಪೈಪಿನ ವಿಷಯಕ್ಕೆ ಬಂದರೆ ಅವರು ಬಲು ಬಿಗಿ. ರೇಡಿಯೇಟರಿನ ನೀರಿನ ಪೈಪು ನೋಡಲು ಹಾಗೆಯೇ ಇರುತ್ತದೆ, ಆದರೆ ಆ ರಬ್ಬರು ಆಯಿಲ್ ತಾಗಿದರೆ ಊದಿ ಮೆತ್ತಗಾಗುತ್ತದೆ. ಇಲ್ಲಿಗೆ ಬೇಕಾದದ್ದು ಆಯಿಲ್ ತಡೆಯುವ ನೈಟ್ರೈಲ್ ರಬ್ಬರು, ಎಳೆತಕ್ಕೆ ಚಪ್ಪಟೆಯಾಗದಂತೆ ಒಳಗೆ ದಾರದ ಹೆಣಿಗೆ ಇರುವಂಥದು. ಒಳಗಿನ ಅಗಲ ಕಂಪನಿಯ ಪೈಪಿಗಿಂತ ಒಂದು ಕೂದಲೂ ಕಡಿಮೆಯಾಗಬಾರದು, ಇಲ್ಲಿ ಅದು ಮುಕ್ಕಾಲು ಇಂಚು. ನಡುವೆ ಎಲ್ಲೂ ಜೋತುಬೀಳಬಾರದು. ಜೋತಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಗಾಳಿಯನ್ನು ತಡೆಯುತ್ತದೆ. ಇಂಜಿನ್ನಿನಿಂದ ಡಬ್ಬದವರೆಗೆ ಇಳಿಜಾರು, ಡಬ್ಬದಿಂದ ಮುಂದಕ್ಕೆ ಏರು. ಮಳೆನೀರು ಹರಿಯಲು ತಾರಸಿಗೆ ವಾಟ ಕೊಡುವ ಹಾಗೆ.

ಒನ್‌ವೇ ವಾಲ್ವನ್ನು ಅವರು ಬಾಯಲ್ಲಿ ಊದಿ ನೋಡಿದರು. ಒಂದು ಕಡೆಯಿಂದ ಗಾಳಿ ಹೋಯಿತು, ತಿರುಗಿಸಿದರೆ ಹೋಗಲಿಲ್ಲ. ಮೇಲೆ ಬಾಣದ ಗುರುತಿದ್ದರೂ ಊದದೆ ಹಾಕುವವರಲ್ಲ. ಇದು ಉಲ್ಟಾ ಆದರೆ, ಅಥವಾ ಕೆಟ್ಟು ತೆರೆದೇ ಉಳಿದರೆ, ರೇಸ್ ಕೊಟ್ಟಾಗ ಸೂಪರ್‌ಚಾರ್ಜರಿನ ಗಾಳಿ ಚೇಂಬರಿಗೆ ನುಗ್ಗಿ ಆಯಿಲ್ ಸೀಲುಗಳನ್ನು ಹೊರಕ್ಕೆ ತಳ್ಳುತ್ತದೆ. ಕ್ರ್ಯಾಂಕಿನ ಹಿಂದಿನ ಸೀಲು ಸೋರಿದರೆ ಗೇರ್‌ಬಾಕ್ಸ್ ಇಳಿಸದೆ ಗತಿಯಿಲ್ಲ. ಡಬ್ಬದಿಂದ ಹೊರಟ ಎರಡೂ ಪೈಪುಗಳನ್ನು ಮೂಲ ಜಾಗಗಳಿಗೇ ಮರಳಿ ಸೇರಿಸಿದರು. ಡಬ್ಬದ ತಲೆಗೆ ಪುಟ್ಟ ಫಿಲ್ಟರ್ ಹಾಕಿ ಗಾಳಿಗೆ ಬಿಡುವುದು ರೇಸಿನ ಪದ್ಧತಿ. ಅಂಥ ತೆರೆದ ಬ್ರೀದರ್ ಇರುವ ಸ್ಪರ್ಧೆಯ ಕಾರುಗಳಿಗೆ 2 ಲೀಟರಿನ, 2000 ಸಿಸಿ ಮೀರಿದರೆ 3 ಲೀಟರಿನ ಕ್ಯಾಚ್ ಟ್ಯಾಂಕ್ ಇರಲೇಬೇಕೆಂದು ಎಫ್‌ಐಎ ನಿಯಮವಿದೆ. ಆಯಿಲ್ ಟ್ರ್ಯಾಕಿಗೆ ಚೆಲ್ಲಿ ಹಿಂದಿನವನು ಜಾರಬಾರದಲ್ಲ. ಗೌಸಿಯಾನಗರದ ಬೀದಿಯಲ್ಲಿ ಶಾಲೆಯ ಮಕ್ಕಳ ಪಕ್ಕದಲ್ಲಿ ನಿಲ್ಲುವ ಕಾರಿಗೆ ಅದು ಸಲ್ಲದು.

ಕ್ಲಾಂಪುಗಳನ್ನೆಲ್ಲ ಬಿಗಿದ ಮೇಲೆ ಪ್ರತಿ ಕೀಲಿಗೂ ಸೋಪಿನ ನೀರು ಸವರಿ ನೋಡಿದರು. ಒಂದು ಕಡೆ ಗಾಳಿ ಎಳೆದರೂ ಲೆಕ್ಕಕ್ಕೆ ಸಿಗದ ಗಾಳಿ ಇಂಜಿನ್ನಿಗೆ ಹೋಗಿ ಐಡಲ್ ಏರಿಳಿಯುತ್ತದೆ, ಚೆಕ್ ಇಂಜಿನ್ ದೀಪ ಹತ್ತುತ್ತದೆ. ಒಂದು ಕೀಲನ್ನು ಬಿಚ್ಚಿ ಮತ್ತೆ ಕೂರಿಸಿದರು. ಆಮೇಲೆ ಗಾರೆಯವರ ಪೈಪನ್ನು ಉದ್ದ ಮಾಡಿ ಕಿಟಕಿಯೊಳಗೆ ತಂದು ಡ್ಯಾಶ್‌ಬೋರ್ಡಿಗೆ ಟೇಪು ಹಾಕಿದರು. ಹುಡುಗ ಕೈಯಲ್ಲಿ ಹಿಡಿದು ಕೂತ. ಲಲಿತಮಹಲ್ ಕಡೆಯಿಂದ ಚಾಮುಂಡಿ ಬೆಟ್ಟದ ಏರಿಗೆ ಹೊರಟೆವು. ನಿಂತಲ್ಲಿ ಎಷ್ಟು ರೇಸ್ ಕೊಟ್ಟರೂ ಇಂಜಿನ್ನಿಗೆ ನಿಜವಾದ ಭಾರ ಬೀಳುವುದಿಲ್ಲ, ಬೆಟ್ಟವೇ ಬೇಕು. ಬೆಳಗ್ಗೆ ಡಬ್ಬವಿಲ್ಲದಾಗಲೂ ಇದೇ ಏರಿನಲ್ಲಿ ಒಂದು ಗೆರೆ ಹಾಕಿಟ್ಟಿದ್ದರು.

ಏರಿನಲ್ಲಿ ಕಾಲು ಒತ್ತಿದಾಗ ಸೂಪರ್‌ಚಾರ್ಜರಿನ ಸಿಳ್ಳೆ ಏರಿತು. ಹಸಿರು ನೀರು ಅಲುಗಿತು, ಇಳಿಯಿತು, ಬೆಳಗಿನ ಗೆರೆಯ ಮೇಲೆ ಬಂದು ನಿಂತಿತು.

“ಅಲ್ಲೇ ಇದೆ ಉಸ್ತಾದ್,” ಎಂದ ಹುಡುಗ.

ಉಸ್ತಾದ್ ಏನೂ ಅನ್ನಲಿಲ್ಲ. ಇನ್ನೊಂದು ತಿರುವು ದಾಟುವವರೆಗೂ ಕಾಲು ತೆಗೆಯಲಿಲ್ಲ.

500 ಕಿಲೋಮೀಟರ್ ಓಡಿಸಿ ಬರಲು ಹೇಳಿದ್ದರು, ಹೋದೆವು. ಡಬ್ಬದ ತಳ ಬಿಚ್ಚಿ ಒಳಗಿದ್ದದ್ದನ್ನು ಗಾಜಿನ ಬಾಟಲಿಗೆ ಸುರಿದರು. ಎರಡು ಚಮಚದಷ್ಟು, ಹಾಲು ಹಾಕಿದ ಕಾಫಿಯ ಬಣ್ಣ. ಮೂಗಿನ ಹತ್ತಿರ ತಂದು ಮೂಸಿ ಪೆಟ್ರೋಲಿನ ವಾಸನೆ ಎಷ್ಟಿದೆ ನೋಡಿದರು. ಮತ್ತೆ ಇಂಜಿನ್ನಿಗೆ ಸುರಿಯಬಹುದೇ ಎಂದು ಭಾವಮೈದುನ ಕೇಳಿದ. ಕೂಡದು, ಇದರಲ್ಲಿ ನೀರಿದೆ, ಆಸಿಡ್ ಇದೆ ಎಂದು ಹಳೆ ಆಯಿಲ್ ಸಂಗ್ರಹಿಸುವ ಡ್ರಮ್ಮನ್ನು ತೋರಿಸಿದರು. ಈ ಬಾಟಲಿಯನ್ನು ಮಾತ್ರ ಡ್ರಮ್ಮಿಗೆ ಸುರಿಯಲಿಲ್ಲ. ಹಲಗೆಯ ಮೇಲೆ ಅಂಥವೇ ಏಳೆಂಟು ಬಾಟಲಿಗಳ ಸಾಲಿನಲ್ಲಿ ಇಟ್ಟು, ಕಾರಿನ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದರು. ರಾತ್ರಿ ಕಳೆದರೆ ನೀರು ಕೆಳಗೆ, ಆಯಿಲ್ ಮೇಲೆ ಪದರವಾಗಿ ಕೂರುತ್ತದಂತೆ. ಬೆಳಗ್ಗೆ ಬಂದು ಎಷ್ಟಕ್ಕೆ ಎಷ್ಟು ಎಂದು ಅಳೆದು ಹುಡುಗನಿಂದ ಪುಸ್ತಕದಲ್ಲಿ ಬರೆಸುತ್ತಾರೆ.